ಎರವಲು ಹೆಬ್ಬೆಟ್ಟು

ಮೇಸ್ತ್ರಿ ಬಲಗೈ ಹೆಬ್ಬೆರಳನ್ನು ಇಂಕ್ ಪ್ಯಾಡಿಗೆ ಒತ್ತಿ, ಪಿಂಚಣಿ ಅಕ್ಕ ಹಿಡಿದಿದ್ದ ಬಿಳಿ ಹಾಳೆಯ ಮೇಲೆ ಊರಿದ. ಬೆರಳು ಎತ್ತಿದಾಗ ಅಲ್ಲಿ ಉಳಿದದ್ದು ಒಂದು ನೀಲಿ ಮಚ್ಚೆ. ಗೆರೆ ಇಲ್ಲ, ಸುರುಳಿ ಇಲ್ಲ, ಏನೂ ಇಲ್ಲ.

“ನೋಡಿ ಅಕ್ಕ, ಮೂವತ್ತೆರಡು ವರ್ಷ ಕುಲುಮೆ ಮುಂದೆ ನಿಂತಿದ್ದಕ್ಕೆ ಇದು ಬಹುಮಾನ. ನಾನು ಕೊಲೆ ಮಾಡಿದ್ರೂ ಪೊಲೀಸ್ನೋರಿಗೆ ಗುರುತು ಸಿಗಲ್ಲ.”

ಪಿಂಚಣಿ ಅಕ್ಕ ನಗಲಿಲ್ಲ. ಗಾಜಿನ ಕಾರ್ಖಾನೆಯ ಕುಲುಮೆ ಶೆಡ್ಡಿನ ಹೊರಗೆ, ಒಡೆದ ಸೀಸೆಗಳ ಗುಡ್ಡೆಯ ಪಕ್ಕ ನಿಂತು ಆ ಮಚ್ಚೆ ಒಣಗುವುದನ್ನೇ ನೋಡುತ್ತಿದ್ದಳು. ವಕೀಲಿಕೆ ಶುರುಮಾಡಿದ ದಿನದಿಂದ ಕಾರ್ಮಿಕರ ಪಿಂಚಣಿ ಬಿಟ್ಟು ಬೇರೆ ಕೇಸು ಮುಟ್ಟಿರಲಿಲ್ಲವಾದ್ದರಿಂದ ಅವಳಿಗೆ ಆ ಹೆಸರು ಬಿದ್ದಿತ್ತು. ನಿಜವಾದ ಹೆಸರು ಹಿಡಿದು ಅವಳನ್ನು ಈಗ ಕರೆಯುತ್ತಿದ್ದದ್ದು ಕರೆಂಟ್ ಬಿಲ್ ಒಂದೇ.

ಅವಳ ಬ್ಯಾಗಿನಲ್ಲಿ ಇನ್ನೊಂದು ಹೆಬ್ಬೆಟ್ಟಿನ ಗುರುತಿತ್ತು. ಮೂರು ವರ್ಷದ ಹಿಂದೆ, ನಿವೃತ್ತಿಯ ವಾರದಲ್ಲಿ, ಮೂರನೇ ಕುಲುಮೆಯ ಕೆಲಸಗಾರನೊಬ್ಬ ಪಿಂಚಣಿ ಟ್ರಸ್ಟಿಗೆ ಕೊಟ್ಟ ಅರ್ಜಿ. ‘ನನ್ನ ನಂತರ ಹೆಂಡತಿಗೆ ಬರಬೇಕಾದ ಪಿಂಚಣಿ ಬೇಡ. ಅದರ ಬದಲು ನಾನು ಬದುಕಿರುವವರೆಗೆ ನನ್ನ ಪಿಂಚಣಿಯನ್ನೇ ಹೆಚ್ಚಿಸಿ ಕೊಡಿ.’ ಎಂಟು ತಿಂಗಳ ಹಿಂದೆ ಅವನು ತೀರಿಕೊಂಡ. ಟ್ರಸ್ಟಿನವರು ಈ ಅರ್ಜಿಯ ನಕಲನ್ನು ಅವನ ಹೆಂಡತಿಯ ಕೈಗಿಟ್ಟು ಕೈತೊಳೆದುಕೊಂಡಿದ್ದರು.

ಅರ್ಜಿಯ ಕೆಳಗಿದ್ದ ಗುರುತಿನಲ್ಲಿ ಒಂದೊಂದು ಗೆರೆಯೂ ಎದ್ದು ಕಾಣುತ್ತಿತ್ತು. ಗೆರೆಗಳನ್ನು ಓರೆಯಾಗಿ ಕತ್ತರಿಸಿಕೊಂಡು ಒಂದು ಬಿಳಿ ಗೀಟು. ಹಳೇ ಗಾಯದ ಕಲೆ.

“ಇದು ಅವರದ್ದಲ್ಲ ಅಂತ ಮಧ್ಯಾಹ್ನ ಮೂರು ಗಂಟೆಗೆ ವಿಚಾರಣಾಧಿಕಾರಿ ಮುಂದೆ ಹೇಳ್ತೀರಲ್ಲ, ಮೇಸ್ತ್ರಿ?”

“ಅಲ್ಲ ಅಂತ ಎಲ್ಲಿ ಬೇಕಾದ್ರೂ ಹೇಳ್ತೀನಿ. ಅವನ ಬೆರಳೂ ನನ್ನ ಥರಾನೇ ನುಣ್ಣಗಾಗಿತ್ತು.”

“ಮತ್ತೆ ಯಾರದ್ದು?”

ಮೇಸ್ತ್ರಿ ಹೆಗಲ ಮೇಲಿನ ಬಟ್ಟೆಯಿಂದ ಮುಖ ಒರೆಸಿಕೊಂಡ. ಒಮ್ಮೆ ಒರೆಸಿ ಆದಮೇಲೂ ಒರೆಸುತ್ತಲೇ ಇದ್ದ.

“ಮೇಸ್ತ್ರಿ, ನಾನು ಕೇಳ್ದೇ ಬಿಟ್ರೂ ಟ್ರಸ್ಟಿನ ವಕೀಲ ಕೇಳದೇ ಬಿಡಲ್ಲ.”

“ಅಕ್ಕ, ತಪ್ಪು ತಿಳ್ಕೋಬೇಡಿ. ಇದು ಮೋಸ ಅಲ್ಲ. ನಮ್ಮಲ್ಲಿ ಮೊದಲಿಂದಲೂ ನಡ್ಕೊಂಡು ಬಂದಿದ್ದು.” ಅವನು ದನಿ ತಗ್ಗಿಸಿದ. “ಕೈಗವಸು ಕೊಟ್ರೆ ಹೆಬ್ಬೆಟ್ಟು, ಬೂಟು ಕೊಟ್ರೆ ಹೆಬ್ಬೆಟ್ಟು, ಸಂಬಳಕ್ಕೆ ಹೆಬ್ಬೆಟ್ಟು. ನಾವು ಒತ್ತಿದ್ರೆ ಬರೋದು ಮಸಿ. ಗುರುತು ಸರಿಯಾಗಿಲ್ಲ ಅಂತ ಆಫೀಸಿನೋರು ವಾಪಸ್ ಕಳಿಸ್ತಾ ಇದ್ರು. ಎಷ್ಟು ಸಲ ಅಂತ ಅಲೆಯೋದು? ಗೆರೆ ಇರೋರ ಹತ್ರ ಹೋಗಿ ಎರವಲು ತಗೊಳ್ತಾ ಇದ್ವಿ.”

“ಏನನ್ನ?”

“ಹೆಬ್ಬೆಟ್ಟನ್ನ. ಒಂದು ಹೆಬ್ಬೆಟ್ಟಿಗೆ ಒಂದು ಟೀ. ಆಫೀಸಿಗೂ ಖುಷಿ, ನಮಗೂ ಖುಷಿ.”

ಇಪ್ಪತ್ತೆರಡು ವರ್ಷ ಕಾರ್ಮಿಕರ ಕಾಗದಪತ್ರದಲ್ಲಿ ಮುಳುಗಿ ಎದ್ದವಳು ಪಿಂಚಣಿ ಅಕ್ಕ. ಹೀಗೊಂದು ಪದ್ಧತಿ ಇದೆ ಅಂತ ಇವತ್ತಿನವರೆಗೂ ಅವಳ ಕಿವಿಗೆ ಬಿದ್ದಿರಲಿಲ್ಲ. ಇಡೀ ಕುಲುಮೆ ಶೆಡ್ಡು ಬಾಯಿಗೆ ಬೀಗ ಹಾಕಿಕೊಂಡು ಕೂತಿತ್ತಲ್ಲ ಎಂದು ಸಿಟ್ಟೂ ಬಂತು.

“ಓರೆ ಕಲೆ ಇರೋ ಹೆಬ್ಬೆಟ್ಟು ಯಾರದ್ದು?”

“ನಿಮ್ಮ ಪರ ಸಾಕ್ಷಿ ಹೇಳ್ತೀನಿ ಅಂದಿದ್ದೀನಿ. ಅಷ್ಟಕ್ಕೆ ಬಿಟ್ಬಿಡಿ ಅಕ್ಕ. ಕೈ ಮುಗೀತೀನಿ.”

ಬಾಯಿ ಬಿಡದಿದ್ದರೂ ಅವನ ಕಣ್ಣು ಬಿಟ್ಟುಕೊಟ್ಟಿತು. ಅಂಗಳದಾಚೆಯ ಹಸಿರು ಬಾಗಿಲಿನ ಕಡೆ ಅದು ಒಮ್ಮೆ ಹೋಗಿ ಬಂತು. ಸೀಸೆ ತಪಾಸಣೆಯ ಕೋಣೆ ಅದು. ಅಲ್ಲಿ ಕೆಲಸ ಮಾಡುತ್ತಿದ್ದವರು ಏಳು ಜನ ಹೆಂಗಸರು. ಅವರಲ್ಲಿ ಒಬ್ಬಳು, ಸತ್ತವನ ಮಗಳು.

ಪಿಂಚಣಿ ಅಕ್ಕ ಕೈಯಲ್ಲಿದ್ದ ಹಾಳೆಯನ್ನು ಬ್ಯಾಗಿಗೆ ತುರುಕಿದಳು.

ನಿನ್ನೆ ಸಂಜೆಯಷ್ಟೇ ಆ ಮಗಳ ತಾಯಿ, ಅಂದರೆ ಈ ಕೇಸಿನ ಕಕ್ಷಿದಾರಳು, ಹೊಲಿಗೆ ಯಂತ್ರದ ಮುಂದೆ ಕೂತು ಹೇಳಿದ ಮಾತು ಅವಳ ಕಿವಿಯಲ್ಲೇ ಇತ್ತು. ಊರವರ ಬಟ್ಟೆ ಬಿಗಿ ಮಾಡಿ, ಸಡಿಲ ಮಾಡಿ ಬದುಕುತ್ತಿದ್ದ ಆಕೆಯನ್ನು ಎಲ್ಲರೂ ಹೊಲಿಗೆಯಮ್ಮ ಎನ್ನುತ್ತಿದ್ದರು. “ದುಡ್ಡು ಬಂದ್ರೆ ಬಾಡಿಗೆ ಕಟ್ತೀನಿ, ಬರದಿದ್ರೆ ಇನ್ನೆರಡು ಗಂಟೆ ಜಾಸ್ತಿ ಹೊಲೀತೀನಿ. ಆದ್ರೆ ಅಕ್ಕ, ಮೂವತ್ತೈದು ವರ್ಷ ಜೊತೇಲಿ ಬಾಳಿದೋರು, ಹೋಗೋವಾಗ ನನ್ನ ಕೈಬಿಟ್ಟು ಹೋದ್ರು ಅಂತ ಆ ಕಾಗದ ಹೇಳುತ್ತೆ. ಅದು ಸುಳ್ಳು ಅಂತ ತೋರಿಸಿಕೊಡಿ. ಅಷ್ಟೇ ಸಾಕು ನನಗೆ.”

ತೋರಿಸಿಕೊಡುತ್ತೇನೆ ಅಂತ ಪಿಂಚಣಿ ಅಕ್ಕ ಮಾತು ಕೊಟ್ಟುಬಿಟ್ಟಿದ್ದಳು. ಕಕ್ಷಿದಾರರಿಗೆ ಮಾತು ಕೊಡಬಾರದು ಎಂದು ಕಿರಿಯ ವಕೀಲರಿಗೆಲ್ಲ ಬೈಯುವವಳೂ ಅವಳೇ.

ಊಟದ ಗಂಟೆ ಹೊಡೆಯಿತು. ಅವಳು ಅಂಗಳ ದಾಟಿದಳು.

ತಪಾಸಣೆ ಕೋಣೆಯಲ್ಲಿ ಗೋಡೆಯುದ್ದಕ್ಕೂ ಬಿಳಿ ಬೆಳಕಿನ ಹಲಗೆ. ಅದರ ಮುಂದೆ ಪಟ್ಟಿಯ ಮೇಲೆ ಸಾಗುವ ಸೀಸೆಗಳು ಈಗ ನಿಂತಿದ್ದವು. ಉಳಿದವರೆಲ್ಲ ಕ್ಯಾಂಟೀನಿಗೆ ಹೋಗಿದ್ದರು. ಮಗಳೊಬ್ಬಳೇ ಎತ್ತರದ ಸ್ಟೂಲಿನ ಮೇಲೆ ಕೂತು, ಬಿರುಕು ಬಿಟ್ಟ ಸೀಸೆಗಳನ್ನು ಡಬ್ಬಕ್ಕೆ ಎಸೆಯುತ್ತಿದ್ದಳು. ಮೂವತ್ತು ದಾಟಿದ ಹೆಂಗಸು. ಅಪ್ಪ ಹೋದಮೇಲೆ ಅವಳ ಕಣ್ಣುಗಳು ಆಳಕ್ಕಿಳಿದಿದ್ದವು.

“ಊಟಕ್ಕೆ ಹೋಗ್ಲಿಲ್ವಾ?”

“ಹಸಿವಿಲ್ಲ ಅಕ್ಕ. ಮೂರಕ್ಕೆ ಬರ್ತೀನಿ, ರಜಾ ಬರೆದುಕೊಟ್ಟಿದ್ದೀನಿ.”

“ಕೈಗವಸು ತೆಗಿ.”

“ಯಾಕೆ?”

“ತೆಗಿ ಅಂದೆ.”

ಮಗಳು ಅಲುಗಾಡಲಿಲ್ಲ. ಪಿಂಚಣಿ ಅಕ್ಕ ಬ್ಯಾಗಿನಿಂದ ಅರ್ಜಿ ತೆಗೆದು ಬೆಳಕಿನ ಹಲಗೆಗೆ ಒತ್ತಿ ಹಿಡಿದಳು. ಹೆಬ್ಬೆಟ್ಟಿನ ಗೆರೆಗಳೆಲ್ಲ ಹೊಳೆದು ನಿಂತವು. ಓರೆ ಗೀಟೂ ನಿಂತಿತು.

ಮಗಳು ತಾನಾಗಿಯೇ ಬಲಗೈ ಗವಸು ಎಳೆದು ಹಾಕಿ, ಅಂಗೈ ಬಿಚ್ಚಿ ತೋರಿಸಿದಳು. ಹೆಬ್ಬೆರಳಿನ ಮೇಲೆ ಗಾಜು ಕೊಯ್ದ ಹಳೇ ಗಾಯ, ಓರೆಯಾಗಿ.

“ಮೇಸ್ತ್ರಿ ಮಾವ ಹೇಳಿದ್ರಾ?”

“ಅವರು ಹೇಳ್ಲಿಲ್ಲ. ನೀನು ಹೇಳು. ಬೂಟಿನ ರಸೀದಿ ಅಂತ ಒತ್ತಿಬಿಟ್ಯಾ? ಏನಂತ ನೋಡ್ದೇ ಒತ್ತಿದ್ಯಾ?” ಅವಳ ದನಿಯಲ್ಲಿ ಆಸೆ ಇತ್ತು. ಗೊತ್ತಿಲ್ಲದೆ ಒತ್ತಿದೆ ಅಂತ ಈ ಹುಡುಗಿ ಒಂದು ಮಾತು ಹೇಳಿದರೆ ಸಾಕು, ಅರ್ಜಿ ಬಿದ್ದುಹೋಗುತ್ತದೆ, ತಾಯಿಗೆ ಪಿಂಚಣಿ ಬರುತ್ತದೆ.

“ಗೊತ್ತಿದ್ದೇ ಒತ್ತಿದೆ. ಅಪ್ಪ ಪಕ್ಕದಲ್ಲೇ ನಿಂತಿದ್ದ. ಒತ್ತು ಪುಟ್ಟಿ ಅಂತ ಅವನೇ ಅಂದ.”

ಪಿಂಚಣಿ ಅಕ್ಕ ಅರ್ಜಿಯನ್ನು ಕೆಳಗಿಳಿಸಿದಳು. ಅವನೇ ಹೇಳಿ, ಅವನೆದುರಿಗೇ ಒತ್ತಿಸಿದ್ದರೆ, ಕಾನೂನಿನ ಕಣ್ಣಿಗೆ ಅದು ಅವನದೇ ಹೆಬ್ಬೆಟ್ಟು. ಮೂರು ತಿಂಗಳು ಇಟ್ಟಿಗೆ ಮೇಲೆ ಇಟ್ಟಿಗೆ ಇಟ್ಟು ಕಟ್ಟಿದ ಕೇಸು ಒಂದೇ ಮಾತಿಗೆ ಕುಸಿದು ಕೂತಿತು.

“ನಿಮ್ಮಮ್ಮನ ಅನ್ನ ಕಿತ್ಕೊಳ್ಳೋ ಕಾಗದಕ್ಕೆ ನೀನೇ ಒತ್ತಿದ್ಯಾ? ನನ್ನ ಆಫೀಸಿಗೆ ಅಮ್ಮನ ಕೈ ಹಿಡ್ಕೊಂಡು ಬಂದೋಳು ನೀನೇ ತಾನೇ? ಮೂರು ತಿಂಗಳಿಂದ ನನ್ನ ಮುಖ ನೋಡ್ಕೊಂಡು ಹೇಗೆ ಕೂತಿದ್ದೆ?”

“ಬೈರಿ ಅಕ್ಕ. ಯಾರಾದ್ರೂ ಬೈಲಿ ಅಂತಾನೇ ಕಾಯ್ತಾ ಇದ್ದೆ.”

ಇನ್ನೂ ನಾಲ್ಕು ಮಾತು ನಾಲಿಗೆಯ ತುದಿಗೆ ಬಂದಿತ್ತು. ಆ ಮುಖ ನೋಡಿ ಪಿಂಚಣಿ ಅಕ್ಕ ನುಂಗಿಕೊಂಡಳು. ಪಕ್ಕದ ಸ್ಟೂಲು ಎಳೆದು ಕೂತಳು. “ಯಾಕೆ ಹಾಗೆ ಮಾಡಿದ್ರು ನಿಮ್ಮಪ್ಪ?”

ಮಗಳು ಒಂದು ಖಾಲಿ ಸೀಸೆಯನ್ನು ಮಡಿಲಲ್ಲಿ ಇಟ್ಟುಕೊಂಡು ತಿರುಗಿಸತೊಡಗಿದಳು.

“ಆ ವರ್ಷ ಅಮ್ಮನಿಗೆ ಹೊಟ್ಟೆನೋವು ಶುರುವಾಯ್ತು. ದೊಡ್ಡಾಸ್ಪತ್ರೆಗೆ ಕರ್ಕೊಂಡು ಹೋದ್ವಿ. ಅಮ್ಮನ್ನ ಹೊರಗೆ ಕೂರಿಸಿ ಡಾಕ್ಟ್ರು ನಮ್ಮಿಬ್ಬರಿಗೇ ಹೇಳಿದ್ರು. ಗಡ್ಡೆ. ಕತ್ತರಿಸೋಕಾಗದ ಜಾಗ. ಒಂದು ವರ್ಷ, ಹೆಚ್ಚಂದ್ರೆ ಒಂದೂವರೆ.”

ಪಿಂಚಣಿ ಅಕ್ಕ ಸ್ಟೂಲನ್ನು ಇನ್ನಷ್ಟು ಹತ್ತಿರಕ್ಕೆ ಎಳೆದುಕೊಂಡಳು.

“ಹೊಟ್ಟೇಲಿ ಹುಣ್ಣು, ಮಾತ್ರೆ ನುಂಗಿದ್ರೆ ಹೋಗುತ್ತೆ ಅಂತ ಅಮ್ಮನಿಗೆ ಹೇಳಿದ್ವಿ. ಇವತ್ತಿಗೂ ಅವಳು ಹುಣ್ಣು ಅಂತಾನೇ ನಂಬಿದ್ದಾಳೆ. ಆ ಮಾತ್ರೆ ರೇಟು ಕೇಳಿದ್ರೆ ತಲೆ ತಿರುಗುತ್ತೆ. ಅಪ್ಪ ಒಂದು ರಾತ್ರಿಯೆಲ್ಲ ಯೋಚನೆ ಮಾಡ್ದ. ‘ಅವಳೇ ಇರಲ್ಲ ಅಂದ್ಮೇಲೆ ಅವಳ ಹೆಸರಿನ ಪಿಂಚಣಿ ಯಾರಿಗೆ ಪುಟ್ಟಿ? ಅದನ್ನ ಈಗಲೇ ತಗೊಂಡು ಅವಳಿಗೇ ಸುರಿಯೋಣ’ ಅಂದ. ಸುರಿದ ಕೂಡ. ಒಂದು ರೂಪಾಯಿ ತನಗೆ ಅಂತ ಇಟ್ಕೊಳ್ಳಲಿಲ್ಲ.”

“ಆಮೇಲೆ?”

“ಆಮೇಲೆ ಏನು? ಒಂದೂವರೆ ವರ್ಷ ಆಯ್ತು, ಎರಡಾಯ್ತು. ಅಮ್ಮ ಗಟ್ಟಿಯಾಗೇ ಇದ್ಲು. ಡಾಕ್ಟ್ರಿಗೇ ಆಶ್ಚರ್ಯ. ಅಪ್ಪ ಮಾತ್ರ ಒಂದು ಬೆಳಿಗ್ಗೆ ಚಪ್ಪಲಿ ಹಾಕ್ಕೊಳ್ತಾ ಬಾಗಿದೋನು ಹಾಗೇ ಬಿದ್ದ. ಯಾರು ಮೊದಲು ಹೋಗ್ತಾರೆ ಅಂತ ಲೆಕ್ಕ ಹಾಕಿದ್ದೋನು ಅವನೇ ಮೊದಲು ಹೋದ.”

ಅವಳು ಅತ್ತಳು. ಸದ್ದಿಲ್ಲದೆ, ಗವಸು ಹಾಕಿದ ಇನ್ನೊಂದು ಕೈಯಿಂದ ಮೂಗು ಒರೆಸಿಕೊಳ್ಳುತ್ತ ಅತ್ತಳು. ಎಷ್ಟೋ ಕೇಸಿನಲ್ಲಿ ಮೋಸ ಮಾಡಿದವರನ್ನು ಪಿಂಚಣಿ ಅಕ್ಕ ಹುಡುಕಿ ಹಿಡಿದಿದ್ದಳು. ಹಿಡಿಯಲು ಹೋದ ಕಡೆ ಪ್ರೀತಿ ಬಿಟ್ಟು ಬೇರೇನೂ ಸಿಗದಿದ್ದದ್ದು ಇದೇ ಮೊದಲು.

“ಈಗ ಹೇಗಿದ್ದಾರೆ?”

“ಇನ್ನೂ ಒಳಗೇ ಇದೆ ಅಂತಾರೆ. ಮಲಗಿದೆ, ಎಬ್ಬಿಸಬೇಡಿ ಅಂದ್ರು ಡಾಕ್ಟ್ರು. ಗೊತ್ತಾದ್ರೆ ಅಮ್ಮ ಹೆದರಿಕೆಗೇ ಹೋಗ್ತಾಳೆ ಅಕ್ಕ. ಬಾಯಿ ಬಿಡಲ್ಲ ಅಂತ ಅಪ್ಪ ನನ್ನಿಂದ ಆಣೆ ಮಾಡಿಸ್ಕೊಂಡಿದ್ದಾನೆ.”

ಪಿಂಚಣಿ ಅಕ್ಕ ಕಣ್ಣೊರೆಸಿಕೊಂಡು ಅರ್ಜಿಯನ್ನು ಮತ್ತೆ ನೋಡಿದಳು. ಬೆಳಕಿಗೆ ಹಿಡಿದಾಗ ಎಡ ಮೂಲೆಯಲ್ಲಿ ಕಂಡದ್ದು ಈಗ ನೆನಪಾಯಿತು. ಒಂದರ ಪಕ್ಕ ಒಂದು, ನಕಲಿನಲ್ಲೂ ಮೂಡಿದ್ದ ಎರಡು ಕರಿ ಚುಕ್ಕೆ. ಸ್ಟೇಪ್ಲರ್ ಪಿನ್ ಕಿತ್ತ ತೂತುಗಳು.

“ಇದರ ಜೊತೆ ಇನ್ನೊಂದು ಕಾಗದ ಇತ್ತಾ?”

ಮಗಳು ತಲೆ ಎತ್ತಿದಳು. “ಒಂದು ಪತ್ರ. ಅಪ್ಪ ಹೇಳ್ದ, ನಾನು ಬರೆದೆ. ಕಾಯಿಲೆ ವಿಷಯ ಎಲ್ಲ ಇದೆ ಅದರಲ್ಲಿ. ಹೆಂಡತಿಗೆ ಮಾತ್ರ ತಿಳಿಸಬೇಡಿ ಅಂತ ಬೇಡ್ಕೊಂಡಿದ್ದ. ಟ್ರಸ್ಟಿನ ಗುಮಾಸ್ತರು ಒಳ್ಳೇವ್ರು. ಓದಿ ಅವರೂ ಕಣ್ಣಲ್ಲಿ ನೀರು ಹಾಕ್ಕೊಂಡ್ರು. ‘ನೋಟಿಸ್ ಕಳಿಸೋದು ನಿಯಮ, ಆದ್ರೆ ನಾನು ಕಳಿಸಲ್ಲ, ಹೋಗಿ’ ಅಂದ್ರು.”

ಪಿಂಚಣಿ ಅಕ್ಕ ಸ್ಟೂಲಿನಿಂದ ಎದ್ದೇಬಿಟ್ಟಳು.

“ಏನಂದೆ? ಇನ್ನೊಂದ್ಸಲ ಹೇಳು.”

“ನೋಟಿಸ್ ಕಳಿಸಲ್ಲ ಅಂದ್ರು. ಪತ್ರದ ಮೇಲೇ ಹಾಗಂತ ಬರೆದು ಸಹಿನೂ ಹಾಕಿದ್ರು.”

ಪಿಂಚಣಿ ಯೋಜನೆಯ ನಿಯಮಾವಳಿ ಅವಳಿಗೆ ಬಾಯಿಪಾಠ. ಹೆಂಡತಿಗೆ ಲಿಖಿತ ನೋಟಿಸ್ ಕೊಡದೆ ಅವಳ ಪಾಲಿನ ಪಿಂಚಣಿ ತೆಗೆಯುವ ಹಾಗಿಲ್ಲ. ತೆಗೆದರೆ ಅರ್ಜಿ ಅಸಿಂಧು. ನೋಟಿಸ್ ಕಳಿಸಿದ್ದೇವೆ, ಅಂಚೆ ರಸೀದಿ ಹಳೇ ಕಡತದಲ್ಲಿ ಎಲ್ಲೋ ಇದೆ ಅಂತ ಟ್ರಸ್ಟಿನ ವಕೀಲ ಮೂರು ತಿಂಗಳಿಂದ ತಳ್ಳಿಕೊಂಡು ಬಂದಿದ್ದ. ಬೇಕಂತಲೇ ಕಳಿಸಲಿಲ್ಲ ಎಂಬುದಕ್ಕೆ ಸಾಕ್ಷಿ ಇದ್ದದ್ದು ಆ ಪತ್ರ ಒಂದೇ.

ಪತ್ರ ಹೊರಗೆ ಬಂದರೆ ಹೊಲಿಗೆಯಮ್ಮ ಬದುಕಿರುವವರೆಗೆ ಪಿಂಚಣಿ. ಪತ್ರ ಹೊರಗೆ ಬಂದರೆ ಹೊಲಿಗೆಯಮ್ಮನಿಗೆ ಎಲ್ಲವೂ ಗೊತ್ತು.

“ಬೇಡ ಅಕ್ಕ,” ಮಗಳಿಗೆ ಅರ್ಥವಾಗಿತ್ತು. “ಹೆಬ್ಬೆಟ್ಟು ಅಪ್ಪನದ್ದಲ್ಲ ಅಂತ ಮೇಸ್ತ್ರಿ ಮಾವ ಹೇಳಲಿ. ನಾನೇ ಕದ್ದು ಒತ್ತಿದೆ ಅಂತ ನಾನು ಹೇಳ್ತೀನಿ. ಕೆಲಸ ಹೋಗ್ಲಿ, ಜೈಲಿಗೆ ಹಾಕ್ಲಿ.”

“ಸುಳ್ಳು ಅಂತ ಗೊತ್ತಿದ್ದೂ ಅಧಿಕಾರಿ ಮುಂದೆ ಇಡೋಕೆ ನನ್ನಿಂದ ಆಗಲ್ಲ. ನೀನು ಜೈಲಿಗೆ ಹೋದ್ರೆ ನಿಮ್ಮಮ್ಮನಿಗೆ ಮಾತ್ರೆ ತರೋರು ಯಾರು?” ಅವಳು ಗಡಿಯಾರ ನೋಡಿದಳು. “ಕೇಸು ನಿಮ್ಮಮ್ಮಂದು. ನಿಂದಲ್ಲ, ನಂದೂ ಅಲ್ಲ. ತೀರ್ಮಾನ ಅವರೇ ಮಾಡ್ಬೇಕು. ಮೂರು ಗಂಟೆವರೆಗೆ ಟೈಮಿದೆ, ಹೋಗಿ ನಿನ್ನ ಬಾಯಿಂದಲೇ ಹೇಳು. ಬೇರೆಯವರ ಬಾಯಿಂದ ಕೇಳಿಸ್ಕೊಳ್ಳೋ ಮಾತಲ್ಲ ಅದು.”

ಮಗಳು ಸೀಸೆಯನ್ನು ಪಟ್ಟಿಯ ಮೇಲೆ ನಿಲ್ಲಿಸಿ, ಗವಸನ್ನು ಜೇಬಿಗೆ ತುರುಕಿಕೊಂಡು ಹೊರಟಳು.

ಮೂರಕ್ಕೆ ಹತ್ತು ನಿಮಿಷ ಇರುವಾಗ ವಿಚಾರಣಾ ಕಚೇರಿಯ ಮೆಟ್ಟಿಲ ಮೇಲೆ ತಾಯಿ ಮಗಳು ಕಾಣಿಸಿದರು. ಹೊಲಿಗೆಯಮ್ಮ ಇಸ್ತ್ರಿ ಮಾಡಿದ ಬಟ್ಟೆ ಉಟ್ಟು, ಗಂಡನ ಫೋಟೋ ಇದ್ದ ಹಳೇ ಗುರುತಿನ ಚೀಟಿಯನ್ನು ಕೈಯಲ್ಲಿ ಹಿಡಿದಿದ್ದಳು. ಅವಳ ಬೆನ್ನ ಹಿಂದಿನಿಂದ ಮಗಳು ಪಿಂಚಣಿ ಅಕ್ಕನನ್ನು ನೋಡಿ, ಇಲ್ಲ ಎಂದು ತಲೆ ಆಡಿಸಿದಳು. ಹೇಳಲು ಆಗಿರಲಿಲ್ಲ.

ಬಾಗಿಲ ಹತ್ತಿರ ಟ್ರಸ್ಟಿನ ವಕೀಲ ಕಾಯುತ್ತಿದ್ದ. ಮಾತಿಗೆ ಮುಂಚೆ ಬೆಣ್ಣೆ ಸವರುತ್ತಿದ್ದುದರಿಂದ ಪಿಂಚಣಿ ಅಕ್ಕ ಅವನಿಗೆ ಬೆಣ್ಣೆ ವಕೀಲ ಎಂದು ಹೆಸರಿಟ್ಟಿದ್ದಳು.

“ಮೇಡಂ, ಊಟ ಆಯ್ತಾ? ಒಂದು ಮಾತು. ಆ ಪತ್ರ ನನ್ನ ಹತ್ರ ಇದೆ. ನಿಮಗೆ ಗೊತ್ತಾಗಿದೆ ಅಂತ ನಿಮ್ಮ ಮುಖ ನೋಡಿದ್ರೇ ತಿಳಿಯುತ್ತೆ. ನೀವು ಕೇಳ್ಬೇಡಿ, ನಾನು ತೋರಿಸಲ್ಲ. ಕೇಸು ವಾಪಸ್ ತಗೊಳ್ಳಿ. ಆ ತಾಯಿ ಇರೋಷ್ಟು ದಿನ ನೆಮ್ಮದಿಯಾಗಿರಲಿ.”

ಅವನ ಕಣ್ಣಲ್ಲಿ ನಿಜವಾದ ಮರುಕವೇ ಇತ್ತು. ಅದಕ್ಕೇ ಪಿಂಚಣಿ ಅಕ್ಕನಿಗೆ ಮೈ ಉರಿಯಿತು.

“ನೋಟಿಸ್ ಕಳಿಸಿದ್ದೀವಿ ಅಂತ ಮೂರು ತಿಂಗಳು ಹೇಳಿದ್ರಲ್ಲ, ಆಗ ಎಲ್ಲಿ ಹೋಗಿತ್ತು ಈ ಮರುಕ?”

ಅವನು ಕಡತವನ್ನು ಕಂಕುಳಿಗೆ ಸಿಕ್ಕಿಸಿಕೊಂಡು ಒಳಗೆ ನಡೆದ.

ವಿಚಾರಣಾಧಿಕಾರಿಯ ಕೋಣೆ ಚಿಕ್ಕದು. ಒಂದು ಉದ್ದ ಮೇಜು, ಆ ಕಡೆ ಈ ಕಡೆ ಕುರ್ಚಿ, ಗೋಡೆಗೆ ಒತ್ತಿಕೊಂಡು ಸಾಕ್ಷಿಗಳ ಬೆಂಚು. ಬೆಂಚಿನ ಮೇಲೆ ಮೇಸ್ತ್ರಿಯೂ ಮಗಳೂ ಒಬ್ಬರನ್ನೊಬ್ಬರು ನೋಡದೆ ಕೂತಿದ್ದರು. ಅಧಿಕಾರಿ ಕನ್ನಡಕ ಏರಿಸಿಕೊಂಡು ಕೇಳಿದರು.

“ಅರ್ಜಿದಾರರ ಪರವಾಗಿ ಸಾಕ್ಷಿ ಇದೆಯಾ? ಬೇರೆ ಯಾವುದಾದರೂ ದಾಖಲೆ ತರಿಸಬೇಕಾ? ಇವತ್ತೇ ಕೊನೆ.”

ಪಿಂಚಣಿ ಅಕ್ಕ ಎದ್ದು ನಿಂತಳು. ಮೇಸ್ತ್ರಿಯನ್ನು ಕರೆಯುವ ಹಾಗಿರಲಿಲ್ಲ. ಪತ್ರ ಕೇಳುವ ಧೈರ್ಯವಿರಲಿಲ್ಲ. ಎದುರಿಗೆ ಬೆಣ್ಣೆ ವಕೀಲನ ಕೈ ಮುಚ್ಚಿದ ಕಡತದ ಮೇಲಿತ್ತು.

“ಒಂದು ನಿಮಿಷ ಕೊಡಿ, ಸಾರ್. ನನ್ನ ಕಕ್ಷಿದಾರರನ್ನ ಕೇಳಬೇಕು.”

ಅವಳು ಹೊಲಿಗೆಯಮ್ಮನ ಕುರ್ಚಿಯ ಪಕ್ಕ ಬಗ್ಗಿದಳು.

“ಅಮ್ಮ, ಒಂದು ಪತ್ರ ಇದೆ. ತರಿಸಿದ್ರೆ ಕೇಸು ನಮ್ಮದು. ಆದ್ರೆ ಅದರಲ್ಲಿ ನಿಮಗೆ ನೋವಾಗೋ ಮಾತಿದೆ. ತುಂಬಾ ನೋವಾಗೋ ಮಾತು. ಬೇಡ ಅಂದ್ರೆ ಈಗಲೇ ಎದ್ದು ಮನೆಗೆ ಹೋಗಿಬಿಡೋಣ. ಏನ್ಮಾಡ್ಲಿ?”

“ಇವರು ಬರೆಸಿದ್ದಾ?”

“ಹೌದು.”

“ಅಂದ್ರೆ, ಆ ಅರ್ಜೀನೂ ಇವರದ್ದೇ? ಇವರೇ ನನ್ನ ಹೆಸರು ತೆಗೆಸಿದ್ದಾ?”

ಪಿಂಚಣಿ ಅಕ್ಕ ಹೌದೆಂದು ತಲೆಯಾಡಿಸಿದಳು. ಕೊಟ್ಟ ಮಾತು ಮುರಿದದ್ದು ಅವಳಿಗೆ ಆ ಮುಖದಲ್ಲೇ ಕಂಡಿತು. ಹೊಲಿಗೆಯಮ್ಮ ಗುರುತಿನ ಚೀಟಿಯನ್ನು ಮೇಜಿನ ಮೇಲೆ ಬೋರಲು ಹಾಕಿದಳು. ಆಮೇಲೆ ತಾನೇ ಅಧಿಕಾರಿಯ ಕಡೆ ತಿರುಗಿದಳು.

“ಆ ಪತ್ರ ಕೊಡಿಸಿ ಸ್ವಾಮಿ. ಯಾಕೆ ನನ್ನ ಬಿಟ್ರು ಅಂತ ನನಗೆ ಗೊತ್ತಾಗ್ಬೇಕು.”

“ಅದು ಟ್ರಸ್ಟಿನ ಒಳಗಿನ ಕಾಗದ…” ಎಂದು ಬೆಣ್ಣೆ ವಕೀಲ ಶುರುಮಾಡಿದ.

“ಕೊಡಿ,” ಎಂದರು ಅಧಿಕಾರಿ.

ಅವನು ಕಡತ ಬಿಚ್ಚಿದ. ಮಡಚಿದ ಹಾಳೆ ಮೇಜಿನ ಮೇಲೆ ಜಾರಿಕೊಂಡು ಬಂತು. ಹೊಲಿಗೆಯಮ್ಮ ಅದನ್ನು ಬಿಡಿಸಿ, ದೂರ ಹಿಡಿದು, ಹತ್ತಿರ ಹಿಡಿದು ನೋಡಿದಳು.

“ಅಯ್ಯೋ, ಇದು ನಮ್ ಪುಟ್ಟಿ ಅಕ್ಷರ.”

ಬೆಂಚಿನಿಂದ ಮಗಳು ಧಡಕ್ಕನೆ ಎದ್ದಳು. “ಅಮ್ಮಾ, ಓದಬೇಡ. ನಿನ್ನ ದಮ್ಮಯ್ಯ, ನನ್ನ ಕೈಗೆ ಕೊಡು. ನಾನು ಹೇಳ್ತೀನಿ, ಮನೇಲಿ ಹೇಳ್ತೀನಿ.”

ಹೊಲಿಗೆಯಮ್ಮ ಮಗಳ ಮುಖ ನೋಡಿದಳು. ಪಿಂಚಣಿ ಅಕ್ಕನ ಮುಖ ನೋಡಿದಳು. ಮೇಸ್ತ್ರಿ ತಲೆ ತಗ್ಗಿಸಿದ. ಇವರಿಗೆಲ್ಲ ಏನೋ ಗೊತ್ತಿದೆ, ತನಗೊಬ್ಬಳಿಗೇ ಗೊತ್ತಿಲ್ಲ ಅಂತ ಆಕೆಗೆ ಆಗ ಹೊಳೆಯಿತು. ಆಕೆ ಕುರ್ಚಿಯನ್ನು ಬೆಳಕಿನ ಕಡೆಗೆ ಸರಿಸಿಕೊಂಡು, ಬೆರಳಿಟ್ಟು, ಒಂದೊಂದೇ ಪದ ಗಟ್ಟಿಯಾಗಿ ಓದತೊಡಗಿದಳು.

“ಮಾನ್ಯರೇ… ಈ ಕೆಳಗಿನ ವಿಷಯವನ್ನು… ನಾನು ಸತ್ತಮೇಲೂ… ನನ್ನ ಹೆಂಡತಿಗೆ ತಿಳಿಸಬಾರದು. ಅವಳು… ತುಂಬಾ ಪುಕ್ಕಲು…”

ಓದುತ್ತಿದ್ದವಳು ನಿಂತಳು. ತುಟಿಯ ಮೇಲೆ ಒಂದು ಸಣ್ಣ ನಗು ಬಂತು, ಗಂಡ ಎದುರಿಗೇ ನಿಂತು ರೇಗಿಸಿದ ಹಾಗೆ.

“ಯಾವ ವಿಷಯ ಪುಟ್ಟಿ?” ಎಂದು ಕೇಳಿದಳು.

ಮಗಳು ಎರಡೂ ಕೈಯಿಂದ ಮುಖ ಮುಚ್ಚಿಕೊಂಡಳು. ಹೊಲಿಗೆಯಮ್ಮನ ಬೆರಳು ಮುಂದಿನ ಸಾಲಿಗೆ ಇಳಿಯಿತು.